ಎದುರಾಳಿಯೇ ತಿರುಗಿಸಿದ ಗುಂಡಿ

ಹಸಿರು ಬಾವುಟ ಬೀಸುತ್ತಿದ್ದಂತೆ ನನ್ನ ಜೀಪಿನ ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗಿ ಕೆಂಪು ಮಣ್ಣು ಎರಚಿದವು. ಅಷ್ಟರಲ್ಲಿ ಪಕ್ಕದ ಜೀಪು ಮುಂದೆ ಹೋಗಿಬಿಟ್ಟಿತ್ತು. ಎರಡು ಸಾವಿರನೇ ಇಸವಿಯ ಸುಮಾರಿಗೆ ಖಾನಾಪುರದ ಹೊರಗಿನ ಬಯಲಿನಲ್ಲಿ ನಡೆದ ಜೀಪು ಓಟದ ಪಂದ್ಯವದು. ಮೂರು ಓಟಗಳಲ್ಲಿ ಎರಡು ಗೆದ್ದವರಿಗೆ ಕಪ್. ಮೊದಲನೆಯದನ್ನೇ ನಾನು ಸೋತಿದ್ದೆ.

ಗೆದ್ದವರು ಬೆಳಗಾವಿಯ ಆಟೋ ನಗರದಲ್ಲಿ ಗ್ಯಾರೇಜು ಇಟ್ಟಿದ್ದ ಕಲ್ಲಪ್ಪಣ್ಣ. ಅವರು ಇಳಿದು ನೇರ ನನ್ನತ್ತ ಬಂದಾಗ ಕೆಣಕಲು ಬಂದರೇನೋ ಎಂದುಕೊಂಡೆ.

“ಫೋರ್‌ವ್ಹೀಲ್ ಹಾಕೀರೇನ್ರಿ?” ಎಂದು ಕೇಳಿದರು. ಹಾಕಿದ್ದೇನೆಂದು, ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಬಲ ಕೊಡುವ ಲಿವರ್ ತೋರಿಸಿದೆ. ಅವರು ಮುಂದಿನ ಚಕ್ರದ ಬಳಿ ಮೊಣಕಾಲೂರಿ ಕುಳಿತರು.

“ಬರೇ ಲಿವರ್ ಎಳದ್ರ ಆಗೂದಿಲ್ರಿ. ಈ ಗುಂಡಿ ಲಾಕ್ ಮಾಡ್ಲಿಲ್ಲಂದ್ರ ಇಂಜಿನ್ ಜೋರು ಮುಂದಿನ ಗಾಲಿಗೆ ಮುಟ್ಟೂದಿಲ್ಲ” ಎನ್ನುತ್ತ ಮುಂದಿನ ಒಂದೊಂದು ಚಕ್ರದ ಹೊರಮೈಯ ನಟ್ಟನಡುವೆ ಇದ್ದ ಗುಂಡಿಯನ್ನು ತಿರುಗಿಸಿದರು. ಆ ಹಳೆಯ ಜೀಪನ್ನು ಕೊಂಡು ತಿಂಗಳಾಗಿದ್ದರೂ ನನಗದು ಗೊತ್ತಿರಲಿಲ್ಲ.

ಮುಂದಿನ ಓಟದಲ್ಲಿ ನಾಲ್ಕೂ ಚಕ್ರಗಳು ನೆಲ ಕಚ್ಚಿ ಹಿಡಿದು ಜೀಪು ಜಿಗಿದು ಹೊರಟಿತು. ಅದನ್ನು ಗೆದ್ದೆ. ಮೂರನೆಯದನ್ನೂ ಕೂದಲೆಳೆಯ ಅಂತರದಲ್ಲಿ ಗೆದ್ದೆ. ಎಲ್ಲರಿಗಿಂತ ಮೊದಲು ಬಂದು ಕೈ ಕುಲುಕಿದವರು ಕಲ್ಲಪ್ಪಣ್ಣ. ಯಾಕೆ ಹೇಳಿಕೊಟ್ಟಿರೆಂದು ಕೇಳಿದೆ.

“ಎರಡ ಗಾಲಿ ಮ್ಯಾಲ ಓಡೂ ಗಾಡಿ ಸೋಲಿಸಿದ್ರ ಏನ್ ಮಜಾ ಐತ್ರಿ?” ಎಂದು ನಕ್ಕರು.

ಅವರ ಜಾಗದಲ್ಲಿ ನಾನಿದ್ದಿದ್ದರೆ ಅಂದು ಖಂಡಿತ ಸುಮ್ಮನಿರುತ್ತಿದ್ದೆ. ಕಪ್ ನೋಡಿದವರು ನನ್ನನ್ನು ಹೊಗಳುವಾಗಲೆಲ್ಲ ನಾನು ಕಲ್ಲಪ್ಪಣ್ಣನ ವಿಷಯವನ್ನೇ ಹೇಳುತ್ತೇನೆ.