ಒಂಟಿಕಾಲಿನ ಅಳತೆ

ಮಕ್ಕಳ ಆಟಕ್ಕೆಂದು ಯಾವ ಜಾಗ ತೋರಿಸಿದರೂ ನಮ್ಮೂರ ಅಂಗನವಾಡಿ ಟೀಚರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಒಂಟಿಕಾಲಲ್ಲಿ ಕುಂಟಿ ನೋಡುತ್ತಿದ್ದರು. "ಆಡಿ ನೋಡ್ರಿ, ಆಮ್ಯಾಲೆ ಬರೀರಿ" ಎನ್ನುವುದು ಅವರ ಮಾತು.

ಆಗ ನಾನು ಹೊಸಹಳ್ಳಿ ಕಡೆಯ ನಮ್ಮೂರ ಪಂಚಾಯಿತಿಯಲ್ಲಿ ಕೆಲಸಕ್ಕಿದ್ದೆ. 'ಮಕ್ಕಳಿಗೆ ಆಟದ ಜಾಗ ಇದೆಯೇ?' ಎಂಬ ಫಾರಂ ಬಂದಾಗ, ರಾಶಿ ಮಾಡುವ ಕಣವನ್ನು ನೆನೆದು ಕುಂತಲ್ಲೇ 'ಇದೆ' ಎಂದು ತುಂಬಿದೆ. ಮರುದಿನ, ಅದು ಕಿವಿಗೆ ಬಿದ್ದ ಟೀಚರು ಕಚೇರಿಯ ಬಾಗಿಲಲ್ಲಿ ನಿಂತಿದ್ದರು.

"ಫಾರಂ ತಗೊಂಡು ಏಳ್ರಿ. ಕಣಕ್ಕ ಹೋಗಾನ."

ಕಣದ ತುಂಬ ಮೆಕ್ಕೆಜೋಳ ಹರವಿತ್ತು. ಟೀಚರು ಕಾಲೆತ್ತಿದ್ದೇ ತಡ, ಕಾವಲಿಗೆ ಕುಂತಿದ್ದ ಅಜ್ಜಿ ಕೂಗಿದಳು: "ಕಾಳು ತುಳೀಬ್ಯಾಡವ್ವಾ!" ಶಾಲೆಯ ಬಯಲಲ್ಲಿ ಹೊಸ ಕೋಣೆಗೆ ತರಿಸಿದ ಜಲ್ಲಿಯ ಗುಡ್ಡೆ. ಗುಡಿಯ ಮುಂದೆ ಸಾಲಾಗಿ ಟ್ರ್ಯಾಕ್ಟರು. ಎಲ್ಲ ಕಡೆಯೂ ಕಾಲೆತ್ತಿದರು, ಎಲ್ಲ ಕಡೆಯೂ ಇಳಿಸಿದರು. ನಾನು ನಾಚಿಕೊಂಡು, 'ಇಲ್ಲ' ಎಂದು ತಿದ್ದಲು ಪೆನ್ನು ತೆಗೆದೆ.

"ತಡೀರಿ, ಇನ್ನೊಂದು ಜಾಗ ಉಳದೈತಿ."

ಅದು ನಮ್ಮ ಪಂಚಾಯಿತಿಯ ಅಂಗಳ. ನಡುವೆ ನಿಲ್ಲಿಸಿದ್ದ ನನ್ನ ಬೈಕನ್ನು ತಾವೇ ಗೋಡೆಬದಿಗೆ ತಳ್ಳಿದರು. ಹಾಸುಬಂಡೆಯ ಮೇಲೆ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆಗಳನ್ನು ಗೀಚಿ, ಈ ತುದಿಯಿಂದ ಆ ತುದಿಯವರೆಗೆ ಕುಂಟಿದರು. ಎಲ್ಲೂ ಇನ್ನೊಂದು ಕಾಲು ಊರಲಿಲ್ಲ. ಗೇಟಿನ ಎರಡೂ ಬಾಗಿಲು ತೆರೆದು, ಶಾಲೆ ಬಿಟ್ಟು ಬರುತ್ತಿದ್ದ ಮಕ್ಕಳನ್ನು ಒಳಗೆ ಕರೆದರು. ಆಮೇಲೆ ಏದುಸಿರಲ್ಲೇ ನನ್ನ ಕಡೆ ತಿರುಗಿದರು:

"ಈಗ ಬರೀರಿ, ಒಂದು ಐತಿ ಅಂತ."