ವಾರ್ಡನಮ್ಮ ಹಂಚಿದ ಕಸಿಗಳು

ಫೆಬ್ರವರಿ ಎಂಟು, ಭಾನುವಾರ, ಬೆಳಗ್ಗೆ ಆರು ಇಪ್ಪತ್ತು. ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಇದನ್ನು ಬರೆಯಲು ಶುರು ಮಾಡಿದ್ದೇನೆ.

ವಾರ್ಡನಮ್ಮನ ಹಣೆಯ ಮೇಲೆ, ಬೊಟ್ಟಿನಿಂದ ಎರಡು ಬೆರಳು ಎತ್ತರದಲ್ಲಿ, ಸದಾ ಒಂದು ಬುಗುಟು ಇರುತ್ತಿತ್ತು. ಒಂದು ಇಳಿಯುವ ಹೊತ್ತಿಗೆ ಇನ್ನೊಂದು ಏಳುತ್ತಿತ್ತು. ಅದಕ್ಕೆ ಅರಿಸಿನ ಹಚ್ಚಿಕೊಂಡು, ಬಾಗಿಲನ್ನು ಕೆಕ್ಕರಿಸಿ ನೋಡುತ್ತ ಹೊರಗೆ ಬರುತ್ತಿದ್ದರು. ಅವರು ಎತ್ತರದ ಹೆಂಗಸು. ಅವರು ಕೊಂಡ, ನಮ್ಮ ಎದುರಿನ ಹಳೆಯ ಮನೆಯ ಬಾಗಿಲುಗಳೆಲ್ಲ ಗಿಡ್ಡ. ರಿಪೇರಿಗೆ ಬಂದ ಬಡಗಿ, ಹಿಂದಿನವರು ಬೇಕೆಂದೇ ಹೀಗೆ ಮಾಡಿಸುತ್ತಿದ್ದರು, ಒಳಗೆ ಬರುವವರು ತಲೆ ಬಗ್ಗಿಸಿ ಬರಲಿ ಅಂತ, ಎಂದು ಸಮಾಧಾನ ಹೇಳಿದ.

"ದುಡ್ಡು ಕೊಟ್ಟು ತಗೊಂಡವಳು ನಾನು. ಬಗ್ಗೋದಿದ್ರೆ ಬಾಗಿಲು ಬಗ್ಗಲಿ" ಎಂದರು ವಾರ್ಡನಮ್ಮ.

ಅವರು ಆಂಧ್ರದ ಅನಂತಪುರದ ಕಡೆಯವರು. ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ವಾರ್ಡನ್ ಆಗಿದ್ದು ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ಬಿಟ್ಟ ದಿನದವರೆಗೆ ಸರಕಾರದ ಕೋಣೆ, ಸರಕಾರದ ಮಂಚ, ಹುಡುಗಿಯರ ಪಂಕ್ತಿಯಲ್ಲೇ ಊಟ. ಆ ಬಿಸಿಲು ಸಾಕಾಯಿತು ಎಂದು ತಂಪಿನ ಊರು ಹುಡುಕುತ್ತ ಶಿರಸಿಗೆ ಬಂದು, ತೀರಿಹೋದ ವಕೀಲರೊಬ್ಬರ ಮಕ್ಕಳು ಮಾರಲಿಟ್ಟಿದ್ದ ಮನೆಯನ್ನು ಕೊಂಡರು. ಗಡಿ ಊರಿನವರಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅರವತ್ತು ದಾಟಿದ ಮೇಲೆ ಸಿಕ್ಕಿದ ಅವರ ಮೊದಲ ಸ್ವಂತ ಮನೆ ಅದು.

ಸ್ವಂತ ಎಂದು ಅವರೊಬ್ಬರೇ ಹೇಳುತ್ತಿದ್ದರು. ಓಣಿಯವರಿಗೆಲ್ಲ ಅದು ವಕೀಲರ ಮನೆ. ಕರೆಂಟಿನವನು ವಕೀಲರ ಮನೆ ಎಂದೇ ಕೂಗುತ್ತಿದ್ದ. ನೀರಿನ ನಲ್ಲಿ ಹಿತ್ತಿಲ ಮೂಲೆಯಲ್ಲಿ ಯಾಕಿದೆ ಎಂದು ಕೇಳಿದರೂ, ಅಟ್ಟದ ಮೆಟ್ಟಿಲು ಅಡಿಗೆಮನೆಯೊಳಗಿಂದ ಯಾಕೆ ಹೋಗುತ್ತದೆ ಎಂದು ಕೇಳಿದರೂ ನನ್ನ ಆಯಿ ಕೊಡುತ್ತಿದ್ದ ಉತ್ತರ ಒಂದೇ: "ಅದು ಮೊದ್ಲಿಂದ ಹಾಂಗೇ." ಆಯಿ ಎಂದರೆ ನನ್ನ ತಾಯಿ. ಈ ಮಾತು ಕೇಳಿದಾಗೆಲ್ಲ ವಾರ್ಡನಮ್ಮ ಮೂಗಿನಿಂದ ಉಸಿರು ಬಿಟ್ಟು ಮನೆಯೊಳಗೆ ಹೋಗುತ್ತಿದ್ದರು. ಕೆಲವೊಮ್ಮೆ ಹಾಗೆ ಹೋಗುವಾಗಲೇ ಹಣೆ ಬಡಿಯುತ್ತಿತ್ತು.

ನಿಜವಾದ ಜಗಳ ಶುರುವಾಗಿದ್ದು ಮರದಿಂದ. ಆ ಮನೆಯ ಅಂಗಳದಲ್ಲಿ ಒಂದು ಅಪ್ಪೆಮಾವಿನ ಮರವಿತ್ತು. ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ: ಇದು ಹಣ್ಣಿನ ಮರವಲ್ಲ. ಹೆಬ್ಬೆರಳಿನಷ್ಟಿರುವಾಗಲೇ ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದು ಉಪ್ಪಿಗೆ ಹಾಕಬೇಕು. ಪರಿಮಳವೆಲ್ಲ ಇರುವುದು ಅದರ ಸೊನೆಯಲ್ಲಿ. ಪ್ರತಿ ಮರದ ಪರಿಮಳವೂ ಬೇರೆ. ವಕೀಲರ ಮನೆಯ ಅಪ್ಪೆಗೆ ಜೀರಿಗೆಯ ವಾಸನೆ, ಹಿಂದೆಯೇ ಸ್ವಲ್ಪ ಕರ್ಪೂರ. ಅಂಥದ್ದು ಇನ್ನೊಂದು ಮರ ಶಿರಸಿಯಲ್ಲಾಗಲಿ ಸಿದ್ದಾಪುರದಲ್ಲಾಗಲಿ ತಾನು ಕಂಡಿಲ್ಲ ಎಂದು ಆಯಿ ಹೇಳುತ್ತಿದ್ದಳು. ಫಸಲು ಬಂದ ವರ್ಷ ಓಣಿಯ ಪ್ರತಿ ಮನೆಗೂ ಒಂದೊಂದು ಬುಟ್ಟಿ ಹೋಗುವುದು ವಕೀಲರ ಕಾಲದ ರೂಢಿ.

ವಾರ್ಡನಮ್ಮ ಬಂದ ಮೊದಲ ಫೆಬ್ರವರಿಯಲ್ಲಿ, ಓಣಿಯ ತುದಿಯಲ್ಲಿರುವ ಟೆಂಪೋ ಸಾಹೇಬರು ಎಂದಿನಂತೆ ಮಂಚಿಕೇರಿಯಿಂದ ಮರ ಹತ್ತುವವನನ್ನು ಕರೆತಂದು, ಯಾರನ್ನೂ ಕೇಳದೆ ಹಗ್ಗ ಬುಟ್ಟಿ ಇಳಿಸಿದರು. ಗದ್ದಲ ಕೇಳಿ ವಾರ್ಡನಮ್ಮ ಕೋಲು ಹಿಡಿದು ಹೊರಬಂದು, ಅವನನ್ನು ಅರ್ಧ ಮರದಿಂದ ಇಳಿಸಿದರು. ಬುಟ್ಟಿಯಲ್ಲಿದ್ದ ನಾಲ್ಕು ಮಿಡಿಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಕೂಸುಗಳನ್ನ ಕಿತ್ತು ಉಪ್ಪಿಗೆ ಹಾಕ್ತೀರಾ? ನಮ್ಮ ಕಡೆ ಕಾಯಿ ಅಂಗೈ ತುಂಬೋ ತನಕ ಯಾರೂ ಮುಟ್ಟೋದಿಲ್ಲ."

"ಅಮ್ಮಾ, ಈ ಝಾಡಿನ ಕಾಯಿ ಬಲೀತಂದ್ರ ಮಂಗ್ಯಾನೂ ಮೂಸೂದಿಲ್ರಿ" ಎಂದರು ಸಾಹೇಬರು.

"ಒಳ್ಳೇದೇ ಆಯ್ತು. ಎಲ್ಲಾ ನನಗೇ ಸಿಗುತ್ತೆ."

ಆ ಬೇಸಿಗೆಯೆಲ್ಲ ಅವರು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕಾದರು. ಕಾಯಿ ಬಲಿತ ಮೇಲೆ ಕೊಯ್ಯಿಸಿ, ಹೋಳು ಮಾಡಿ, ಸಾಸಿವೆ ಪುಡಿ ಹಾಕಿ, ಎಣ್ಣೆ ಸುರಿದು ಅವರ ಊರಿನ ಆವಕಾಯಿ ಮಾಡಿ ಮನೆಮನೆಗೂ ಬಟ್ಟಲಲ್ಲಿ ಕೊಟ್ಟರು. ಬರೀ ನಾರು. ಹುಳಿಗೆ ಕಿವಿಯ ಹಿಂದೆ ಸೆಳೆತ ಬರುತ್ತಿತ್ತು. ಪರಿಮಳ ಎಣ್ಣೆಯೊಳಗೆ ಸತ್ತುಹೋಗಿತ್ತು. ಆಯಿ "ಚೊಲೋ ಇದ್ದು" ಎಂದು ಮುಖ ಗಟ್ಟಿ ಮಾಡಿಕೊಂಡು ಹೇಳಿ, ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಮ್ಮ ಭರಣಿಯಲ್ಲಿದ್ದ ಅದೇ ಮರದ ಹಳೆಯ ಮಿಡಿ ನಾಲ್ಕನ್ನು ಹಾಕಿ ಕಳಿಸಿದಳು. ಮಾರನೆಯ ದಿನ ವಾರ್ಡನಮ್ಮ ಅದೇ ಬಟ್ಟಲನ್ನು ತೊಳೆದು ತಂದು ನಮ್ಮ ಜಗಲಿಯಲ್ಲಿಟ್ಟರು.

"ಇದು ನಿಮ್ಮದಾ, ನಮ್ಮದಾ, ಗೊತ್ತಾಗ್ಲಿಲ್ಲ."

ಆಯಿ ಮತ್ತೆ ನಾಲ್ಕು ಮಿಡಿ ಹಾಕಿ ಕೊಟ್ಟಳು. ಆ ಬಟ್ಟಲು ಯಾರದೆಂದು ಮಳೆಗಾಲ ಶುರುವಾಗುವವರೆಗೂ ತೀರ್ಮಾನವಾಗಲಿಲ್ಲ.

ಮುಂದಿನ ವರ್ಷ ಮರ ಹೂ ಬಿಡಲಿಲ್ಲ. ಅದು ವರ್ಷ ಬಿಟ್ಟು ವರ್ಷ ಫಲ ಕೊಡುವ ಮರ ಎಂದು ಹೇಳಿದರೆ, ನಲ್ಲಿ ರಿಪೇರಿಯವನಿಗಾಗಿ ಆಗಲೇ ಎರಡು ವಾರದಿಂದ ಕಾಯುತ್ತಿದ್ದ ವಾರ್ಡನಮ್ಮ, "ಇಲ್ಲಿ ಮರಕ್ಕೂ ರಜೆಯಾ?" ಎಂದು ಕೇಳಿದರು.

ನನಗೆ ಅವರ ಮೇಲೆ ಇದ್ದ ಸಿಟ್ಟು ಬೇರೆ. ಯಲ್ಲಾಪುರದಲ್ಲಿ ನನಗೆ ಕೆಲಸ ಸಿಕ್ಕಿದಾಗ, ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡ ಎಂದು ಆಯಿ ಹಟ ಹಿಡಿದಿದ್ದಳು. ವಾರ್ಡನಮ್ಮ ನಮ್ಮ ಜಗಲಿಗೆ ಬಂದು ಕೂತು, ಇಂಥ ಎಷ್ಟೋ ಹುಡುಗಿಯರನ್ನು ತಾನು ಕೆಲಸಕ್ಕೆ ಕಳಿಸಿದ್ದೇನೆ, ಇವಳು ಏಳು ಗಂಟೆಯೊಳಗೆ ಮನೆಯಲ್ಲಿರುತ್ತಾಳೆ, ಅದಕ್ಕೆ ತಾನು ಜವಾಬ್ದಾರಿ ಎಂದು ಮಾತು ಕೊಟ್ಟು ಒಪ್ಪಿಸಿದರು. ಇವತ್ತಿಗೂ ಆ ಕೆಲಸದಲ್ಲಿದ್ದೇನೆ. ಆದರೆ ಅಂದಿನಿಂದ ಪ್ರತಿ ಸಂಜೆ ಅವರು ಗೇಟಿನಲ್ಲಿ ನಿಂತಿರುತ್ತಿದ್ದರು. ಬಸ್ಸು ತಡವಾದರೆ ಕಾರಣ ಕೇಳುತ್ತಿದ್ದರು. ದಾರಿಯಲ್ಲಿ ಮರ ಬಿದ್ದಿತ್ತು ಎಂದರೆ ಯಾವ ಮರ ಎಂದು ಕೇಳುತ್ತಿದ್ದರು. ಹೈಸ್ಕೂಲಿನಿಂದ ದಿನಚರಿ ಬರೆಯುತ್ತ ಬಂದವಳು ನಾನು, ತಡವಾದ ದಿನಗಳ ಕಾರಣ ನನ್ನ ಪುಸ್ತಕದಲ್ಲೂ ಇರುತ್ತಿತ್ತು. ಅವರು ಅದನ್ನೂ ತರಿಸಿ ನೋಡಿದ್ದುಂಟು.

ಮೂರನೆಯ ವರ್ಷ ಮರ ತುಂಬ ಮಿಡಿ ಹಿಡಿಯಿತು. ಒಂದು ಬೆಳಗ್ಗೆ ವಾರ್ಡನಮ್ಮ ಬಟ್ಟಲಲ್ಲಿ ಸುಣ್ಣ ಕಲಸಿಕೊಂಡು ಬಂದು, ಕಾಂಡ ಎರಡಾಗಿ ಒಡೆಯುವ ಜಾಗದಲ್ಲಿ ಒಂದು ಗೆರೆ ಎಳೆದರು. ರಸ್ತೆಯ ಕಡೆಯ ಕೊಂಬೆ ಓಣಿಗೆ, ಮನೆಯ ಕಡೆಯದು ತನಗೆ. ಸಾಹೇಬರು ಮಂಚಿಕೇರಿಯವನನ್ನು ಕರೆತಂದರು. ಓಣಿಯ ಪಾಲು ಕೊಯ್ದು ಅವನು ಇಳಿಯಲು ಹೊರಟಾಗ, ಕೆಳಗೆ ನಿಂತಿದ್ದ ವಾರ್ಡನಮ್ಮ, ಹೇಗೂ ಹತ್ತಿದ್ದಾನೆ, ನನ್ನ ಕಡೆಯದೂ ಕೊಯ್ಯಲಿ ಎಂದರು. ಬಲಿಯುವ ಮೊದಲೇ. ಯಾರೂ ನಗಲಿಲ್ಲ. ನಕ್ಕಿದ್ದರೆ ಅವರು ಅವನನ್ನು ಮತ್ತೆ ಇಳಿಸುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಉಪ್ಪಿನ ಹದವನ್ನು ಆಯಿಯಿಂದಲೇ ಕಲಿತರು. ಎಣ್ಣೆ ಹಾಕಬಾರದು ಎಂಬುದನ್ನು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಆ ಮಳೆಗಾಲದ ಮೊದಲಲ್ಲೇ ಕಾಂಡದ ಬುಡದಲ್ಲಿ ಗರಗಸದ ಹುಡಿಯಂಥದ್ದು ಬೀಳುವುದನ್ನು ಅವರು ಕಂಡರು. ಮರದ ಒಳಗೆ ಹುಳ ಇದೆ ಎಂದು ಪ್ರತಿಯೊಬ್ಬರನ್ನೂ ಕರೆದು ತೋರಿಸಿದರು. ಆಯಿ ಬಗ್ಗಿ ನೋಡಿ, "ಅದು ಮೊದ್ಲಿಂದ ಹಾಂಗೇ" ಎಂದಳು. ಆ ದಿನ ವಾರ್ಡನಮ್ಮ ಮೂಗಿನಿಂದ ಉಸಿರು ಬಿಟ್ಟು ಒಳಗೆ ಹೋಗಲಿಲ್ಲ. ಸಿದ್ದಾಪುರದ ಕಡೆಯಿಂದ ಕಸಿ ಕಟ್ಟುವವರೊಬ್ಬರನ್ನು ಕರೆಸಿ, ಮರದ ಕಡ್ಡಿಗಳನ್ನು ಕಾಡುಮಾವಿನ ಸಸಿಗಳಿಗೆ ಕಟ್ಟಿಸಿದರು. ಹಿತ್ತಿಲಲ್ಲಿ ಒಂದು ವರ್ಷ ಅವನ್ನು ನೋಡಿಕೊಂಡರು. ಪ್ರತಿ ಸಸಿಯ ಕುತ್ತಿಗೆಗೂ ಹಾಸ್ಟೆಲಿನ ಹುಡುಗಿಯರು ಜಡೆಗೆ ಕಟ್ಟಿಕೊಳ್ಳುವ ಕೆಂಪು ರಿಬ್ಬನ್ನಿನ ತುಂಡು ಕಟ್ಟಿದರು. ಒಂದು ಉಂಡೆ ರಿಬ್ಬನ್ನು ಅವರ ಪೆಟ್ಟಿಗೆಯಲ್ಲಿ ಹಾಗೇ ಉಳಿದಿತ್ತಂತೆ.

ಮುಂದಿನ ಜೂನಿನಲ್ಲಿ, ನೆಡುವ ಕಾಲ ಬಂತೆಂದು, ಮೊದಲ ಸಸಿಯನ್ನು ನಮ್ಮ ಮನೆಗೇ ತಂದರು.

"ಮರನೇ ಎದ್ರಿಗೆ ಇದ್ದಲ್ದ, ಕಸಿ ಎಂತಕ್ಕೆ?" ಎಂದಳು ಆಯಿ.

ಸಾಹೇಬರದು ಬಾಡಿಗೆ ಮನೆ, ನೆಡಲು ನೆಲವಿರಲಿಲ್ಲ. ಉಳಿದ ಮನೆಗಳಲ್ಲೂ ಆಯಿಯ ಮಾತೇ. ವಾರ್ಡನಮ್ಮ ರಿಬ್ಬನ್ನು ಕಟ್ಟಿದ ಸಸಿಯನ್ನು ಎದೆಗೆ ಒರಗಿಸಿಕೊಂಡು ಓಣಿಯುದ್ದಕ್ಕೂ ಹೋಗಿ, ಹಾಗೆಯೇ ವಾಪಸು ಬಂದರು.

ಅದರ ಮರುದಿನ ನಾನು ಯಲ್ಲಾಪುರದಿಂದ ಬರುವ ಹೊತ್ತಿಗೆ ಹಿತ್ತಿಲು ಖಾಲಿ. ಬೆಳಗಿನಿಂದ ಗೇಟಿನಲ್ಲಿ ನಿಂತು ದಾರಿಹೋಕರಿಗೆ ಹಂಚಿದ್ದರು. ತರಕಾರಿ ತಂದವರಿಗೆ, ಚಂದಗುಳಿಯ ದೇವಸ್ಥಾನಕ್ಕೆ ಹೋಗುವ ದಾರಿ ಕೇಳಿದ ವ್ಯಾನಿನವರಿಗೆ, ಇನ್ನು ಯಾರು ಯಾರಿಗೋ. ನಾನು ಪುಸ್ತಕ ತೆಗೆದು, ಯಾರಿಗೆ ಕೊಟ್ಟಿರಿ, ಹೇಳಿ, ಬರೆದಿಡುತ್ತೇನೆ ಎಂದೆ. ಅವರು ಕೈಯಿಂದ ಪುಸ್ತಕವನ್ನು ಮುಚ್ಚಿದರು.

"ಏ ಹುಡುಗಿ, ಇಡೀ ಸರ್ವಿಸಲ್ಲಿ ಅಕ್ಕಿ ಅಳೆದು ಕೊಟ್ಟು ಸಹಿ ಹಾಕಿಸ್ಕೊಂಡವಳು ನಾನು. ಒಂದು ಹಿಡಿ ಹೆಚ್ಚು ಹೋದ್ರೆ ಉತ್ತರ ಹೇಳ್ಬೇಕಿತ್ತು. ಇದು ನನ್ನ ಮರ. ಯಾರಿಗೆ ಕೊಟ್ಟೆ ಅಂತ ಯಾರಿಗೂ ಹೇಳೋದಿಲ್ಲ."

ನನಗೆ ರೇಗಿತು. ಎಷ್ಟು ಸಸಿ ಇತ್ತು ಎಂದಾದರೂ ಹೇಳಿ ಎಂದೆ. ಅದನ್ನೂ ಹೇಳಲಿಲ್ಲ. ಆ ದಿನದ ಪುಟದಲ್ಲಿ, ವಾರ್ಡನಮ್ಮ ಕಸಿ ಹಂಚಿದರು, ವಿವರ ಕೊಡಲಿಲ್ಲ, ಎಂದಷ್ಟೇ ಇದೆ. ಅಷ್ಟು ಖುಷಿಯಾಗಿ ಅವರು ಗೇಟಿನಲ್ಲಿ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ ಎಂಬುದನ್ನು ಬರೆದಿಲ್ಲ.

ಆ ಚಳಿಗಾಲದಲ್ಲಿ ಅವರಿಗೆ ಎದೆನೋವು ಬಂತು. ಸಾಹೇಬರು ತಮ್ಮ ಸಂಬಂಧಿಕರ ಕಾರಿನಲ್ಲಿ ಹುಬ್ಬಳ್ಳಿಗೆ ಹೊರಟರು. ಮುಂಡಗೋಡ ದಾಟುವ ಮೊದಲೇ ವಾರ್ಡನಮ್ಮ ತೀರಿಕೊಂಡರು. ಅನಂತಪುರದಿಂದ ಬಂದ ಅಣ್ಣನ ಮಗ ಕಾರ್ಯ ಮುಗಿಸಿ, ಮಿಡಿಯ ಕಾಲ ಬರುವ ಮೊದಲೇ ಮನೆಯನ್ನು ಮಾರಿದ. ಕೊಂಡವರು ಕಾರು ನಿಲ್ಲಿಸುವ ಜಾಗಕ್ಕಾಗಿ ಮರ ಕಡಿಸಿದರು. ಕಾಂಡದೊಳಗೆ ಮೊಣಕೈ ಹೋಗುವಷ್ಟು ಟೊಳ್ಳಿತ್ತು, ಹೇಗೂ ಬೀಳುವ ಮರ ಎಂದರು, ಅದೂ ಸುಳ್ಳಲ್ಲ. ತುಂಡುಗಳನ್ನು ಸಾಗಿಸಿದ್ದು ಸಾಹೇಬರ ಟೆಂಪೋದಲ್ಲಿಯೇ. ಮಾಸಿದ ಸುಣ್ಣದ ಗೆರೆಯ ತುಂಡು ಮೇಲೆಯೇ ಇತ್ತು.

ಜಗಲಿಯಲ್ಲಿ ನಿಂತು ನೋಡುತ್ತಿದ್ದ ಆಯಿ, "ಒತ್ತಾಯ ಮಾಡಿ ಒಂದು ಕೊಡಕಾಗಿತ್ತು ಅವ್ಳು. ವಾರ್ಡನ್ ಆಗಿ ಎಂತಾ ಬಂತು" ಎಂದು ಸಿಟ್ಟಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ಆ ಕಸಿಗಳನ್ನು ಹುಡುಕುತ್ತಿದ್ದೇನೆ. ಸಿಕ್ಕಿದ್ದು ಎರಡು. ಮಂಚಿಕೇರಿಯದನ್ನು ದನ ತಿಂದಿತ್ತು. ಹುಲಗೋಳದಲ್ಲಿ ಒಂದು ಹುಲುಸಾಗಿ ಬೆಳೆದಿದೆ ಎಂದು ಕೇಳಿ ರಜೆ ಹಾಕಿ ಹೋದೆ. ರಿಬ್ಬನ್ನು ಇತ್ತು, ಆದರೆ ಮೇಲಿನ ಕಡ್ಡಿ ಸತ್ತು ಅಡಿಯ ಕಾಡುಮಾವು ಚಿಗುರಿ ಮರವಾಗಿತ್ತು. ಎಲೆ ತಿಕ್ಕಿ ಮೂಸಿದರೆ ಬರೀ ಎಲೆಯ ವಾಸನೆ. ಆ ಮನೆಯವರು ಮೂರು ವರ್ಷ ನೀರು ಹಾಕಿದ್ದರು. ಏನೂ ಹೇಳದೆ ಕಾಫಿ ಕುಡಿದು ಬಂದೆ.

ನಮ್ಮ ಭರಣಿಯಲ್ಲಿ ಆ ಮೂರನೆಯ ವರ್ಷದ ಮಿಡಿ ತಳದಲ್ಲಿ ಸ್ವಲ್ಪ ಉಳಿದಿದೆ. ಆಯಿ ಯಾರಿಗೂ ಬಡಿಸುವುದಿಲ್ಲ.

ಇದನ್ನು ಓದುವವರಲ್ಲಿ ಯಾರಾದರೂ ಒಂದು ಜೂನಿನಲ್ಲಿ ಶಿರಸಿಯ ಓಣಿಯೊಂದರಲ್ಲಿ, ಹಣೆಯ ಮೇಲೆ ಬುಗುಟಿದ್ದ ಎತ್ತರದ ಹೆಂಗಸಿನಿಂದ ಕೆಂಪು ರಿಬ್ಬನ್ನು ಕಟ್ಟಿದ ಮಾವಿನ ಸಸಿ ಪಡೆದಿದ್ದರೆ, ಒಂದು ಎಲೆ ಕಿತ್ತು ತಿಕ್ಕಿ ನೋಡಿ. ಜೀರಿಗೆ, ಹಿಂದೆಯೇ ಕರ್ಪೂರ ಬಂದರೆ ಅದೇ. ಬದುಕಿದ್ದರೆ ಈ ಸಲ ಮೊದಲ ಮಿಡಿ ಹಿಡಿಯುವ ವಯಸ್ಸು ಅದಕ್ಕೆ. ಕೊಡುವಾಗ ಅವರು ನಿಮಗೆ ಆವಕಾಯಿಯ ಕ್ರಮ ಹೇಳಿಕೊಟ್ಟಿರಲೂ ಸಾಕು. ದಯವಿಟ್ಟು ಬಲಿಯಲು ಬಿಡಬೇಡಿ. ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆದರೆ ಬಂದು ಒಂದು ಕಡ್ಡಿ ಕೇಳಿಕೊಂಡು ಹೋಗುತ್ತೇನೆ. ನಿಮ್ಮ ಹೆಸರನ್ನು ಎಲ್ಲಿಯೂ ಬರೆದಿಡುವುದಿಲ್ಲ.