ಗಫೂರ್ ಡಾಕ್ಟರರ ನೇರಳೆ ಗೆರೆ

ಗಫೂರ್ ಡಾಕ್ಟರರ ಕೆಳತುಟಿಯ ನಡುವೆ ಒಂದು ನೇರಳೆ ಚುಕ್ಕೆ ಇತ್ತು. ಹುಟ್ಟಿನಿಂದ ಬಂದದ್ದಲ್ಲ, ಕಾಪಿಂಗ್ ಪೆನ್ಸಿಲಿನದು. ಒಣಗಿದ್ದಾಗ ಸಾದಾ ಸೀಸದಂತೆ ಬೂದಿ ಬಣ್ಣ, ಒದ್ದೆ ಮಾಡಿದರೆ ನೇರಳೆ. ವಾಡಿ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ನಾವು ಅದರಿಂದ ಗಂಟುಮೂಟೆಗಳ ಮೇಲೆ ಊರ ಹೆಸರು ಬರೆಯುತ್ತಿದ್ದೆವು. ಅವರು ಮನುಷ್ಯರ ಮೈಮೇಲೆ ಗೆರೆ ಎಳೆಯುತ್ತಿದ್ದರು.

ಇಷ್ಟು ಬರೆದದ್ದೇ ಅನುಮಾನ ಬಂತು. ಚುಕ್ಕೆ ತುಟಿಯ ಮೇಲೇ ಇತ್ತೆ? ಹೆಂಡತಿ ನೀಲಾಳನ್ನು ಕೇಳಿದೆ. "ನಾಲಿಗಿ ಮ್ಯಾಲ ಇತ್ತು. ತುಟಿ ಮ್ಯಾಲ ಇದ್ದದ್ದು ಮೀಸಿ," ಎಂದಳು. ಇಬ್ಬರಲ್ಲಿ ಯಾರು ಸರಿಯೋ. ಪೆನ್ಸಿಲ್ ಮಾತ್ರ ಖರೆ.

ಅವರ ದವಾಖಾನೆ ಚಿತ್ತಾಪುರದಲ್ಲಿ, ಸ್ಟೇಷನ್ನಿನಿಂದ ಬಜಾರಕ್ಕೆ ಹೋಗುವ ದಾರಿಯಲ್ಲಿತ್ತು. ಎರಡು ಕೋಣೆ, ಮೇಲೆ ಶಹಾಬಾದ್ ಕಲ್ಲಿನ ಹಾಸು, ಕೂರಲಿಕ್ಕೂ ಅದೇ ಕಲ್ಲಿನ ಬೆಂಚು. ಬೇಸಿಗೆಯಲ್ಲಿ ಆ ಬೆಂಚಿನ ಮೇಲೆ ಕೂತವರು ಬೇನೆ ಮರೆತು ಎದ್ದು ನಿಲ್ಲುತ್ತಿದ್ದರು. ಡಾಕ್ಟರರು ತೆಳ್ಳಗೆ, ಎತ್ತರಕ್ಕೆ, ಸ್ವಲ್ಪ ಬಾಗಿದ್ದರು. ಬಾವು, ಕುರು, ಕೆಂಪು ದದ್ದು ಏನೇ ತಂದರೂ ಮೊದಲು ಪೆನ್ಸಿಲನ್ನು ನಾಲಗೆಗೆ ತಾಗಿಸಿ ಕೆಂಪು ಎಲ್ಲಿಗೆ ಮುಗಿದಿದೆಯೋ ಅಲ್ಲಿ ಸುತ್ತ ಗೆರೆ ಎಳೆಯುವರು. "ಎರಡು ದಿನ ಬಿಟ್ಟು ಬರ್ರಿ. ನಾ ಹೇಳಂಗಿಲ್ಲ, ಗೆರಿ ಹೇಳ್ತದ." ಕೆಂಪು ಗೆರೆ ದಾಟಿದ್ದರೆ ಔಷಧ. ದಾಟದಿದ್ದರೆ ಬರಿಗೈಯಲ್ಲಿ ವಾಪಸು. ಒಂದೇ ಕಟ್ಟಪ್ಪಣೆ: ಗೆರೆಗೆ ನೀರು ಸೋಕಿಸಬಾರದು. ತೊಳೆದುಕೊಂಡು ಬಂದವರನ್ನು ಬಾಗಿಲಿನಿಂದಲೇ ಬೈದು ಕಳಿಸುತ್ತಿದ್ದರು.

ಆಡಕಿಯ ಒಬ್ಬ ಗೌಡರು ಸೂಜಿ ಹಾಕಲೇಬೇಕೆಂದು ಪಟ್ಟು ಹಿಡಿದಿದ್ದನ್ನು ಕಣ್ಣಾರೆ ನೋಡಿದ್ದೇನೆ.

"ಎಷ್ಟು ದೂರದಿಂದ ಬಂದೀನ್ರಿ, ಬರೇ ಗೀಚಿ ಕಳಸ್ತೀರೇನು?"

"ಸೂಜಿನೇ ಬೇಕಂದ್ರ ಬಜಾರದಾಗ ದರ್ಜಿ ಕುಂತಾನ, ಹೋಗ್ರಿ. ಆತ ಗುಂಡಿನೂ ಹಚ್ಚಿ ಕೊಡ್ತಾನ."

ಆದರೆ ನಾನು ಅವರನ್ನು ನೆನೆಯುವುದು ಬೈಗುಳಕ್ಕಲ್ಲ. "ನನಗ ಗೊತ್ತಿಲ್ಲ" ಎಂದು ರೋಗಿಯ ಎದುರಿಗೇ ಹೇಳುವ ಇನ್ನೊಬ್ಬ ಡಾಕ್ಟರರನ್ನು ನಾನು ಆ ಕಡೆ ಕಾಣಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಐದಾರು ವರ್ಷವಾಗಿತ್ತು. ಮಗಳು ಶಾರದಾಗೆ ಆರು ತುಂಬಿತ್ತು. ನೀಲಾ ಅವಳನ್ನು ಕರೆದುಕೊಂಡು ಚಿಂಚೋಳಿ ಕಡೆಯ ಐನಾಪುರಕ್ಕೆ, ತವರಿಗೆ, ಹೋಗಿದ್ದಳು. ಶಾರೂ ಅಲ್ಲಿ ಇಡೀ ದಿನ ಕರುವಿನ ಜೊತೆ ಕೊಟ್ಟಿಗೆಯಲ್ಲೇ ಇರುತ್ತಿದ್ದಳಂತೆ. ಒಂದು ದಿನ ಅವಳ ತೊಡೆಯ ಹಿಂಬದಿಗೆ ಒಂದು ಉಣ್ಣಿ ಕಚ್ಚಿಕೊಂಡಿದ್ದನ್ನು ನೀಲಾ ಕಂಡು ಕಿತ್ತು ಹಾಕಿದಳು. ದನ ಇರುವ ಮನೆಯಲ್ಲಿ ಅದೇನು ದೊಡ್ಡ ಮಾತಲ್ಲ. ವಾಡಿಗೆ ಬಂದ ಮೇಲೆ ಅದೇ ಜಾಗದಲ್ಲಿ ಬಳೆಯಂಥ ಒಂದು ಕೆಂಪು ಉಂಗುರ ಎದ್ದಿತು. ನಡುವೆ ಬಿಳುಪು. ಸಂಜೆಯಾದರೆ ಸಣ್ಣ ಜ್ವರ.

ಬೆಳಗಿನ ಪ್ಯಾಸೆಂಜರಿಗೆ ಚಿತ್ತಾಪುರಕ್ಕೆ ಹೋದೆವು. ಡಾಕ್ಟರರು ಉಂಗುರವನ್ನು ನೋಡಿದರು, ಬಿಟ್ಟು ಹೋಗಿ ಕೈ ತೊಳೆದು ಬಂದರು, ಮತ್ತೆ ನೋಡಿದರು. ಒಳಗಿನಿಂದ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ತಂದರು. ಹೈದರಾಬಾದಿನಲ್ಲಿದ್ದ ಅವರ ತಮ್ಮ, ತಾನು ಓದಿ ಮುಗಿಸಿದ ವೈದ್ಯಕೀಯ ಪತ್ರಿಕೆಗಳನ್ನು ಅವರಿಗೆ ಕಳಿಸುತ್ತಿದ್ದ.

"ಅಮೆರಿಕಾದಾಗ ಲೈಮ್ ಅಂತ ಒಂದು ಊರು ಅದ ಅಂತ. ಅಲ್ಲಿ ಮಕ್ಕಳಿಗೆ ಹಿಂಗೇ ಕೆಂಪು ಉಂಗುರ ಬಂದು, ಆಮ್ಯಾಲ ಮೊಳಕಾಲು ಬಾತಾವಂತ. ಉಣ್ಣಿ ಕಡದು ಬರ್ತದಂತ ಅವರಿಗೂ ಬರೇ ಅನುಮಾನ. ಔಷಧ ಕೊಡಬೇಕೋ ಬ್ಯಾಡೋ ಅಂತ ಇನ್ನಾ ಜಗಳಾಡ್ಲಿಕತ್ತಾರ."

"ಶಾರೂಗ ಅದೇ ಏನ್ರಿ?" ಎಂದೆ.

"ನನಗ ಗೊತ್ತಿಲ್ಲ, ಪಾರ್ಸಲ್ ಬಾಬು. ಐನಾಪುರದ ಉಣ್ಣಿಗೂ ಅಮೆರಿಕಾದ ಉಣ್ಣಿಗೂ ಬೀಗತನ ಅದನೋ ಇಲ್ಲೋ ಯಾರಿಗೆ ಗೊತ್ತು?"

ಪೆನಿಸಿಲಿನ್ ಕೊಡಬಹುದಿತ್ತು. ಆದರೆ ಹಿಂದಿನ ವರ್ಷ ಅದೇ ಸೂಜಿಗೆ ಶಾರೂಳ ಮೈತುಂಬ ದದ್ದು ಎದ್ದು ಉಸಿರು ಸಿಕ್ಕಿಕೊಂಡಿತ್ತು. ಉಳಿದದ್ದು ಟೆಟ್ರಾಸೈಕ್ಲಿನ್. ಅದು ಮುಂದೆ ಬರುವ ಹಲ್ಲಿಗೆ ಬಣ್ಣ ಹಿಡಿಸುತ್ತದೆ, ಆ ಬಣ್ಣ ತಿಕ್ಕಿದರೂ ಹೋಗುವುದಿಲ್ಲ ಎಂದರು. ಉಂಗುರದ ಹೊರಗೆ ಗೆರೆ ಎಳೆದರು. "ಗೆರಿ ದಾಟಿದ್ರ ಗುಳಿಗಿ. ದಾಟದಿದ್ರ ಬಿಟ್ಟುಬಿಡೋಣು."

ಮನೆಯಲ್ಲಿ ನನ್ನ ಅವ್ವ ಆ ಗೆರೆ ನೋಡಿ, ಪೆನ್ಸಿಲಿನ ಸಂಗತಿ ಕೇಳಿ ತಿಳಿದುಕೊಂಡಳು. "ಎಂಜಲ ಹಚ್ಚಿ ಕೂಸಿನ ಮೈಮ್ಯಾಲ ಬರೀತಾರೇನು, ಎಲ್ಲೆರ ಕೇಳೀಯೇನು ನೀನು?" ಅವ್ವ ಎಂಜಲಷ್ಟನ್ನೇ ನೋಡಿದಳೋ, ಯಾರ ಎಂಜಲೆಂದೂ ನೋಡಿದಳೋ, ನಾನು ಕೇಳಲಿಲ್ಲ. ಮರುದಿನ ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಕಡಲೆಹಿಟ್ಟು ಹಚ್ಚಿ, ತಿಕ್ಕಿ, ಬಿಸಿನೀರು ಹೊಯ್ದು ಶಾರೂಳನ್ನು ಬೆಳಗಿಟ್ಟಿದ್ದಳು. ಗೆರೆ ಇರಲಿಲ್ಲ.

ಮರುದಿನವೇ ಚಿತ್ತಾಪುರಕ್ಕೆ ಹೋಗಬೇಕು. ಬಾಗಿಲಲ್ಲಿ ಹತ್ತು ಜನರ ಎದುರಿಗೆ ಬೈಸಿಕೊಳ್ಳುವುದು ಕಣ್ಣಿಗೆ ಕಟ್ಟಿತು. ನನ್ನ ಅಂಗಿಯ ಕಿಸೆಯಲ್ಲಿ ಅಂಥದೇ ಪೆನ್ಸಿಲ್ ಇತ್ತು. ನಾಲಗೆಗೆ ತಾಗಿಸಿ, ಶಾರೂಳನ್ನು ಬೋರಲು ಮಲಗಿಸಿ, ಗೆರೆ ಎಳೆದುಬಿಟ್ಟೆ.

"ಈಗ ಇದು ಎಂಜಲಲ್ಲೇನು?" ಎಂದಳು ಅವ್ವ.

ಮೋಸ ಮಾಡುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ. ಗೆರೆ ಎಲ್ಲಿತ್ತೆಂಬುದು ನನಗೆ ಚೆನ್ನಾಗಿ ನೆನಪಿತ್ತು. ಅಲ್ಲೇ ಎಳೆದೆ. ಕೆಂಪು ಆ ಹೊತ್ತಿಗೆ ಎಲ್ಲಿಗೆ ಬಂದಿತ್ತೋ ಅಲ್ಲೇ ನೆನಪೂ ಹೋಗಿ ನಿಂತದ್ದು ನನಗೆ ತಿಳಿಯಲಿಲ್ಲ.

ಡಾಕ್ಟರರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖ ಅರಳಿದ ರೀತಿ ನನಗೆ ಇಂದಿಗೂ ಕಷ್ಟ ಕೊಡುತ್ತದೆ. "ಕೂದಲೆಳಿಯಷ್ಟೂ ದಾಟಿಲ್ಲ! ಜ್ವರ ಬ್ಯಾರೆ ಯಾವುದೋ ನೆಗಡಿದಿರಬೇಕು. ಗುಳಿಗಿ ಬ್ಯಾಡ. ಬೇಟಿ, ನಿನ್ನ ಹಲ್ಲು ಉಳದ್ವು ನೋಡು." ನಾನು ಎದ್ದೆ. ಶಾರೂಳನ್ನು ಎತ್ತಿಕೊಂಡೆ. ನೀಲಾ ಏಳಲಿಲ್ಲ.

"ಸಾಹೇಬ್ರ, ಆ ಗೆರಿ ನಿಮ್ಮದಲ್ರಿ. ಅತ್ತಿ ತೊಳದಿದ್ರು. ನಿನ್ನಿ ಸಂಜಿಗೆ ಇವ್ರು ಎಳದಾರ. ಇವತ್ತು ಮುಂಜಾನಿ ಹಾಸಿಗಿಂದ ಏಳೋಮುಂದ ಕೂಸು ಮೊಳಕಾಲು ಹಿಡಕೊಂಡಿತು."

ಈ ಮಾತನ್ನು ನಾನೇ ಹೇಳಿದೆನೆಂದು ಎಷ್ಟೋ ವರ್ಷ ನೆಂಟರ ಮುಂದೆ ಹೇಳಿಕೊಂಡು ಬಂದಿದ್ದೇನೆ. ಬರಬರುತ್ತ ನನಗೇ ಹಾಗೆ ನೆನಪಾಗತೊಡಗಿತ್ತು. ನೀಲಾ ಎಲ್ಲರ ಎದುರು ಸುಮ್ಮನಿದ್ದು, ಒಳಗೆ ಬಂದಾಗ "ಛಂದ ಹೇಳ್ತೀರಿ ಬಿಡ್ರಿ" ಎನ್ನುವಳು. ಹೇಳಿದ್ದು ಅವಳು.

ಡಾಕ್ಟರರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಥರ್ಮಾಮೀಟರ್ ಇಟ್ಟು ನೋಡಿದರು, ಜ್ವರ ಮೊದಲಿಗಿಂತ ಏರಿತ್ತು. ಆಮೇಲೆ ನನಗೆ, "ನನ್ನ ಗೆರಿ ಎಲ್ಲಿತ್ತು, ಬೆರಳಿಟ್ಟು ತೋರಸ್ರಿ" ಎಂದರು. ತೋರಿಸಿದೆ. ನೀಲಾ ಅದಕ್ಕಿಂತ ಎರಡು ಬೆರಳು ಒಳಗೆ ತೋರಿಸಿದಳು. ಶಾರೂ ತಾನೂ ಕೈ ಹಿಂದೆ ಮಾಡಿ ಮತ್ತೊಂದು ಕಡೆ ಬೆರಳಿಟ್ಟಳು. ಪಾಪ, ತೊಡೆಯ ಹಿಂದಿದ್ದದ್ದನ್ನು ಅವಳು ಕಂಡೇ ಇರಲಿಲ್ಲ.

"ಮೂರು ಮಂದಿ, ಮೂರು ಗೆರಿ," ಎಂದು ಡಾಕ್ಟರರು ಕಲ್ಲಿನ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಕೂತರು. ರೋಗಿಗಳು ಕೂರುವ ಬೆಂಚಿನ ಮೇಲೆ ಅವರು ಕೂತದ್ದನ್ನು ಅದೊಂದೇ ಸಲ ನೋಡಿದ್ದು. "ರಕ್ತ ತಪಾಸಣಿ ಮಾಡಿ ಹೇಳೋರು ನಮ್ಮ ಕಡಿ ಯಾರೂ ಇಲ್ಲ. ಇನ್ನೊಂದು ಗೆರಿ ಎಳದು ಇನ್ನೆರಡು ದಿನ ಕಾಯಬಹುದು. ಖರೇ ಅಂದ್ರ, ಈ ಜ್ವರ ನೋಡಿ ನನಗ ಕಾಯಲಿಕ್ಕೆ ಧೈರ್ಯ ಸಾಲವಲ್ದು."

"ಹಲ್ಲು?" ಎಂದೆ. "ಹೆಣ್ಣು ಕೂಸ್ರಿ."

"ಬಣ್ಣ ಹಿಡೀಬಹುದು. ಹಿಡೀದೇ ಇರಬಹುದು."

"ನಿಮಗ ಯಾವುದಕ್ಕ ಕಡಿಮಿ ಅಂಜಿಕಿ, ಅದನ್ನ ಮಾಡ್ರಿ," ಎಂದಳು ನೀಲಾ.

ಅವರು ಪೆನ್ಸಿಲನ್ನು ಬೆರಳ ನಡುವೆ ಹೊರಳಿಸುತ್ತ ಕೂತರು. ಹೊರಗೆ ಕಾದಿದ್ದ ಯಾರೋ ಕೆಮ್ಮಿದರು.

"ಎರಡಕ್ಕೂ ಅಂಜಿಕಿ ಅದ, ತಂಗಿ. ಗುಳಿಗಿ ಕೊಟ್ಟು ತಪ್ಪಿದ್ರ, ನನ್ನ ತಪ್ಪು ಆಕಿ ಹಲ್ಲಿನ ಮ್ಯಾಲ ಕಾಣ್ತದ. ಊರಿಗೆಲ್ಲ ಕಾಣ್ತದ. ಕೊಡದೇ ತಪ್ಪಿದ್ರ, ಮೊಳಕಾಲಾಗ ಅಡಗಿ ಕುಂದರ್ತದ. ನಾಳಿ ನಾನೇ 'ವಾತ ಇರಬೇಕು' ಅಂದು ಪಾರಾಗಬಹುದು." ಎದ್ದರು. "ಕಾಣೋ ತಪ್ಪೇ ಮಾಡ್ತೀನಿ. ಹಾಲಿನ ಜೋಡಿ ಕೊಡಬ್ಯಾಡ್ರಿ."

ಗುಳಿಗೆ ನಡೆದಿದ್ದಾಗ ಒಂದು ಶುಕ್ರವಾರ ದವಾಖಾನೆ ಮುಚ್ಚಿ ಅವರೇ ವಾಡಿಗೆ ಬಂದರು. ನಮ್ಮ ಕ್ವಾರ್ಟರ್ಸಿನಲ್ಲಿ ಹೊರಸಿನ ಮೇಲೆ ಕೂತು ಪೆನ್ಸಿಲ್ ತೆಗೆದರು. ಅದು ನಾಲಗೆಗೆ ಹೋಗುವ ಮೊದಲೇ ಅವ್ವ ಒಂದು ಬಟ್ಟಲು ನೀರು ತಂದು ಮುಂದಿಟ್ಟಳು. "ಇದ್ರಾಗ ಅದ್ದಿ ಬರೀರಿ ಸಾಹೇಬ್ರ. ಈ ಸಲ ನಾ ತೊಳಿಯಂಗಿಲ್ಲ." ಡಾಕ್ಟರರು ಜೋರಾಗಿ ನಕ್ಕರು. ನೀರಿನಲ್ಲೇ ಅದ್ದಿ ಗೆರೆ ಎಳೆದರು. ಅವ್ವ ಆಡಿದ ಮಾತಿನಂತೆ ಗುಳಿಗೆ ಮುಗಿಯುವವರೆಗೂ ಆ ಕಾಲಿಗೆ ನೀರು ಮುಟ್ಟಿಸಲಿಲ್ಲ. ಶಾರೂ ಒಂದು ಕಾಲು ಬೆಳ್ಳಗೆ, ಒಂದು ಕಾಲು ಮಣ್ಣುಮಣ್ಣಾಗಿ ಓಡಾಡಿದಳು.

ಉಂಗುರ ಮಾಸಿತು. ಜ್ವರ ಇಳಿಯಿತು. ಔಷಧಕ್ಕೆ ಇಳಿಯಿತೇ, ತಾನಾಗಿ ಇಳಿಯಿತೇ ಎಂದು ಕೇಳಿದೆ. "ನನಗ ಗೊತ್ತಿಲ್ಲ," ಎಂದರು. ಆ ಮಾತು ಈ ಸಲ ಅವರಿಗೂ ಸಾಲಲಿಲ್ಲವೆನಿಸುತ್ತದೆ. ಶಾರೂಳ ಗಲ್ಲ ಹಿಡಿದು ಹಾಲುಹಲ್ಲುಗಳನ್ನು ಒಂದೊಂದಾಗಿ ನೋಡಿದರು.

ಅವು ಬೀಳುವ ಮೊದಲೇ ನನಗೆ ಸೊಲ್ಲಾಪುರದಾಚೆ ವರ್ಗವಾಯಿತು. ಮೇಲಿನ ಎರಡು ಮುಂಹಲ್ಲು ಬಂದಾಗ ಅಡ್ಡಕ್ಕೆ ತೆಳು ಕಂದು ಪಟ್ಟಿ ಇತ್ತು. ಡಾಕ್ಟರರಿಂದ ಒಂದು ಕಾರ್ಡು ಬಂತು: "ಹಲ್ಲು ಬಂದವೇನು? ಬರೆಯಿರಿ." ನಾನು ಬರೆಯಲಿಲ್ಲ. ಏನು ಬರೆಯಲಿ? ಮತ್ತೊಂದು ಕಾರ್ಡು ಬಂತು. ಅದಕ್ಕೂ ಬರೆಯಲಿಲ್ಲ.

ಶಾರೂಗೆ ಹದಿನೈದೋ ಹದಿನಾರೋ ಆಗಿದ್ದಾಗ ನಾಲವಾರಕ್ಕೆ ನೆಂಟರ ಮದುವೆಗೆಂದು ಹೋಗುತ್ತ ವಾಡಿಯಲ್ಲಿ ಗಾಡಿ ಬದಲಿಸುತ್ತಿದ್ದೆವು. ಎದುರಿನ ಪ್ಲಾಟ್‌ಫಾರಂನಲ್ಲಿ ನಿಂತ ಹೈದರಾಬಾದಿನ ಗಾಡಿಯ ಕಿಟಕಿಯಲ್ಲಿ ಅವರು ಕೂತಿದ್ದರು. ಕಣ್ಣಿನಲ್ಲಿ ಪೊರೆ ಬಂದು ಹಾಲಿನಂತಾಗಿತ್ತು. ತಮ್ಮನ ಮನೆಗೆ, ಆಪರೇಷನ್ನಿಗೆ ಹೊರಟಿದ್ದರು; ಆ ಗಾಡಿ ಚಿತ್ತಾಪುರದಲ್ಲಿ ನಿಲ್ಲದ್ದರಿಂದ ವಾಡಿಗೆ ಬಂದು ಹತ್ತಿದ್ದರು. ಕಿಟಕಿಯ ಹತ್ತಿರ ಹೋಗಿ ಮಾತಾಡಿಸಿದಾಗ ದನಿಯಿಂದ ನನ್ನ ಗುರುತು ಹಿಡಿದರು.

"ಪಾರ್ಸಲ್ ಬಾಬು! ಬೇಟಿ ಬಂದಾಳೇನು? ಇಲ್ಲಿ ಬಾ. ನಗು."

ಶಾರೂ ಕಿಟಕಿಗೆ ಮುಖ ಕೊಟ್ಟು ನಕ್ಕಳು. ಅವರು ಹತ್ತಿರಕ್ಕೆ ಬಾಗಿದರು, ಪಕ್ಕಕ್ಕೆ ವಾಲಿ ಬೆಳಕಿಗೆ ನೋಡಿದರು. ಕಾಣಲಿಲ್ಲ. ನನ್ನ ಕಡೆ ತಿರುಗಿದರು. "ನೀವು ಹೇಳ್ರಿ. ಬಣ್ಣ ಹಿಡದದ ಏನು?"

"ಇಲ್ರಿ. ಬೆಳ್ಳಗ ಅವ," ಎಂದೆ.

"ಅಪ್ಪ ಸುಳ್ಳ ಹೇಳ್ತಾನ್ರಿ," ಎಂದಳು ಶಾರೂ, ಅವಳವ್ವನ ದನಿಯಲ್ಲೇ. "ಎರಡು ಹಲ್ಲಿನ ಮ್ಯಾಲ ಗೆರಿ ಅದ. ಕಂದು."

ಡಾಕ್ಟರರು ತಲೆ ಅಲ್ಲಾಡಿಸಿದರು. "ನಿಮ್ಮಪ್ಪಗ ಗೆರಿ ಎಳಿಯೋದೂ ಬರಂಗಿಲ್ಲ, ಅಳಸೋದೂ ಬರಂಗಿಲ್ಲ." ಕಿಟಕಿಯ ಸರಳಿನ ನಡುವಿನಿಂದ ಕೈ ಚಾಚಿ ಅವಳ ನೆತ್ತಿ ಹುಡುಕಿ ಮುಟ್ಟಿದರು. "ಮಾಫ್ ಮಾಡು, ಬೇಟಿ. ಮೊಳಕಾಲು ಹ್ಯಾಂಗದ?"

"ಗಟ್ಟಿ ಅದಾವ್ರಿ. ಓಡ್ತೀನಿ."

"ಎಲ್ಲಿ, ಓಡು. ಕೇಳ್ತೀನಿ."

ಅಷ್ಟು ಜನರ ನಡುವೆ, ಮದುವೆಗೆಂದು ಉಟ್ಟ ಹೊಸ ಸೀರೆಯಲ್ಲಿ, ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ನಿರಿಗೆ ಎತ್ತಿ ಹಿಡಿದು ಪ್ಲಾಟ್‌ಫಾರಂ ಉದ್ದಕ್ಕೂ ಓಡಿದಳು. ಕಲ್ಲುಹಾಸಿನ ಮೇಲೆ ಚಪ್ಪಲಿಯ ಪಟಪಟ ಸಪ್ಪಳ ನೀರಿನ ನಳದವರೆಗೆ ಹೋಗಿ, ತಿರುಗಿ ಬಂತು. ಅವರು ಕಿವಿಯನ್ನು ಸರಳಿಗೆ ಒತ್ತಿ, ಕಣ್ಣು ಮುಚ್ಚಿ ಕೂತಿದ್ದರು. ಗಾಡಿ ಅಲುಗಿತು.

"ಇನ್ನೊಮ್ಮೆ," ಎಂದರು.

ಅವಳು ಗಾಡಿಯ ಜೊತೆಗೇ ಓಡಿದಳು.

ಅದಾದ ಮೇಲೆ ಅವರು ಚಿತ್ತಾಪುರಕ್ಕೆ ಮರಳಲಿಲ್ಲ. ಹೈದರಾಬಾದಿನಲ್ಲೇ ತೀರಿಕೊಂಡರೆಂದು ಯಾರೋ ಹೇಳಿದರು. ಸರಳಿನ ಹಿಂದಿನ ಆ ಮುಖದಲ್ಲಿ ಚುಕ್ಕೆ ತುಟಿಯ ಮೇಲಿತ್ತೋ ನಾಲಗೆಯ ಮೇಲಿತ್ತೋ ಅಂದೇ ನೋಡಬಹುದಿತ್ತು. ನಾನು ಮಗಳ ಕಾಲನ್ನೇ ನೋಡುತ್ತ ನಿಂತಿದ್ದೆ.